ಒಗ್ಗರಣೆ ಡಬ್ಬಿಯಲ್ಲಿ ದಾಳ, ಅಳಗುಳಿಮಣೆಯಲ್ಲಿ ಮಂತ್ರ: ಡಿ ಅಂಡ್ ಡಿ ಮೇಜಿಗೆ ಸಾಮಾನು ಹೊಂದಿಸುವುದು ಹೇಗೆ

ನಮ್ಮ ಮನೆಯ ಊಟದ ಮೇಜಿನ ಮೇಲೆ ಶನಿವಾರ ರಾತ್ರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಡೆಯುತ್ತದೆ. ಆಡುವವರು ನಾಲ್ಕು ಜನ, ಐದನೆಯವನು ನಾನು. ಕಥೆ ಹೇಳುವುದು, ರಾಕ್ಷಸರನ್ನು ಆಡಿಸುವುದು, ಎಲ್ಲರ ಹತ್ತಿರ ಬೈಸಿಕೊಳ್ಳುವುದು ನನ್ನ ಕೆಲಸ. ಇದಕ್ಕೆ ಡಂಜನ್ ಮಾಸ್ಟರ್ ಅನ್ನುತ್ತಾರೆ, ಚಿಕ್ಕದಾಗಿ ಡಿ.ಎಂ.

ಗೊತ್ತಿಲ್ಲದವರಿಗೆ ಎರಡೇ ಮಾತು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಆಟ ಇದು. ಒಬ್ಬೊಬ್ಬರದು ಒಂದೊಂದು ಪಾತ್ರ. ಏನು ಮಾಡುತ್ತೇನೆ ಅಂತ ಬಾಯಲ್ಲಿ ಹೇಳಬೇಕು, ಆಯಿತೋ ಇಲ್ಲವೋ ಅಂತ ದಾಳ ಹೇಳುತ್ತದೆ. ಅಷ್ಟೇ ಆಟ. ಕಾಗದ, ಪೆನ್ಸಿಲ್, ದಾಳ ಇದ್ದರೆ ಸಾಕು.

ಆದರೆ ನಾನು ಅಷ್ಟಕ್ಕೆ ನಿಲ್ಲಲಿಲ್ಲ. ಶುರುಮಾಡಿದ ಹೊಸದರಲ್ಲಿ ಕಂಡಿದ್ದನ್ನೆಲ್ಲ ತರಿಸಿದೆ. ಲೋಹದ ದಾಳ, ದಾಳ ಉರುಳಿಸುವ ಗೋಪುರ, ಬಣ್ಣ ಬದಲಿಸುವ ದೀಪ, ಚರ್ಮದ ಹಾಗೆ ಕಾಣುವ ದಪ್ಪ ನೋಟ್‌ಬುಕ್. ಈಗ ಅದರಲ್ಲಿ ಅರ್ಧ ಅಟ್ಟದ ಮೇಲಿದೆ. ದುಡ್ಡು ಹೋಗಿದ್ದಕ್ಕಿಂತ ಬೇಜಾರಾದದ್ದು ಇದು: ಇಷ್ಟೆಲ್ಲ ಇದ್ದರೂ ಆಟ ಮೊದಲಿನ ಹಾಗೇ ಹತ್ತು ಹತ್ತು ನಿಮಿಷಕ್ಕೆ ನಿಲ್ಲುತ್ತಿತ್ತು.

ಮೊದಲ ವಾರ ಏನೂ ಕೊಳ್ಳಬೇಡಿ

ಒಂದು ಶನಿವಾರ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡೆ. ಆಟ ನಿಂತಾಗಲೆಲ್ಲ ಒಂದು ಗೆರೆ, ಎದುರಿಗೆ ಯಾಕೆ ನಿಂತಿತು ಅಂತ ಒಂದು ಪದ. ಮೂರು ಗಂಟೆಯಲ್ಲಿ 26 ಗೆರೆ ಬಿತ್ತು. ‘ಈಗ ಯಾರ ಸರದಿ?’ ಅಂತ 9 ಸಲ. ‘ನಾನು ಅಲ್ಲಿಗೆ ಮುಟ್ತೀನಾ?’ ಅಂತ 7 ಸಲ. ‘ಆ ಮಂತ್ರ ಏನು ಮಾಡುತ್ತೆ, ಇನ್ನೂ ಎಷ್ಟು ಉಳಿದಿದೆ?’ ಅಂತ 6 ಸಲ. ಇನ್ನು 4 ಸಲ ದಾಳ ಸೋಫಾ ಕೆಳಗೆ.

ದೀಪ ಇಲ್ಲದ್ದಕ್ಕೆ ಆಟ ಒಂದು ಸಲವೂ ನಿಂತಿರಲಿಲ್ಲ.

ನೀವೂ ಇದನ್ನೇ ಮಾಡಿ. ನಿಮ್ಮ ಗೆರೆಗಳು ಬೇರೆ ಇರಬಹುದು. ಮಕ್ಕಳ ಜೊತೆ ಆಡುವವರಿಗೆ ಕೂಡುವ ಲೆಕ್ಕದಲ್ಲಿ ನಿಲ್ಲುತ್ತದೆ, ಹೊಸಬರಿಗೆ ಪಾತ್ರದ ವಿವರ ಬರೆದಿರುವ ಕ್ಯಾರೆಕ್ಟರ್ ಶೀಟ್‌ನಲ್ಲಿ ಯಾವುದು ಎಲ್ಲಿದೆ ಅಂತ ಹುಡುಕುವುದರಲ್ಲಿ. ಎಲ್ಲಿ ಜಾಸ್ತಿ ಗೆರೆ ಬಿದ್ದಿದೆಯೋ ಅಲ್ಲಿಗೆ ಮೊದಲು ಸಾಮಾನು. ಉಳಿದದ್ದು ಆಸೆಗೆ, ಅದು ತಪ್ಪಲ್ಲ, ಆದರೆ ಆಮೇಲೆ.

ದಾಳ

ದಾಳದ ಹೆಸರಿನಲ್ಲಿ ಡಿ ಪಕ್ಕದ ಅಂಕಿ ಅಂದರೆ ಅದಕ್ಕೆ ಎಷ್ಟು ಮುಖ ಅಂತ. ಒಂದು ಸೆಟ್ ಅಂದರೆ 7 ದಾಳ: ಡಿ4, ಡಿ6, ಡಿ8, ಡಿ10, ಡಿ12, ಡಿ20, ಮತ್ತೆ ಹತ್ತರ ಲೆಕ್ಕದಲ್ಲಿ 00ರಿಂದ 90ರವರೆಗೆ ಬರೆದಿರುವ ಇನ್ನೊಂದು ಡಿ10. ಹಿಂದೆ ಹತ್ತು ಮುಖದ್ದು ಇರಲೇ ಇಲ್ಲ. ಇಪ್ಪತ್ತು ಮುಖದ ದಾಳದ ಮೇಲೇ 0ರಿಂದ 9ರವರೆಗೆ ಎರಡು ಸಲ ಬರೆದಿರುತ್ತಿತ್ತು. 1979ರ ಹೊತ್ತಿಗೆ ಆಟಕ್ಕೆ ಎಷ್ಟು ಬೇಡಿಕೆ ಬಂತೆಂದರೆ ದಾಳವೇ ಸಿಗದೆ, ಪೆಟ್ಟಿಗೆಯೊಳಗೆ ಅಂಕಿ ಬರೆದ ರಟ್ಟಿನ ಬಿಲ್ಲೆ ಹಾಕಿ ಮಾರಿದರು. ಬಟ್ಟಲಲ್ಲಿ ಹಾಕಿ ಕುಲುಕಿ ಒಂದು ಎತ್ತಿಕೊಳ್ಳಬೇಕು. ಹಾಗಾಗಿ ದಾಳ ಇಲ್ಲ ಅಂತ ಆಟ ಮುಂದೂಡಬೇಡಿ, ಚೀಟಿ ಎತ್ತಿದರೂ ನಡೆಯುತ್ತದೆ.

ಕೊಳ್ಳುವಾಗ ಒಂದು ವಿಷಯ ನೋಡಿ. ಕೆಲವು ಡಿ20ಗಳಲ್ಲಿ 20ರ ಪಕ್ಕ 19, ಅದರ ಪಕ್ಕ 18, ಹೀಗೆ ಸಾಲಾಗಿ ಇರುತ್ತದೆ. ಅದು ಇಸ್ಪೀಟಿನ ಥರದ ಮ್ಯಾಜಿಕ್ ಆಟದಲ್ಲಿ ಪ್ರಾಣ ಎಣಿಸುವುದಕ್ಕೆ ಮಾಡಿದ್ದು. ದೊಡ್ಡ ಅಂಕಿಗಳೆಲ್ಲ ಒಂದೇ ಕಡೆ ಇರುವುದರಿಂದ ಉರುಳಿಸುವ ಆಟಕ್ಕೆ ಬೇಡ. ಸರಿಯಾದ ಡಿ20ರಲ್ಲಿ ದೊಡ್ಡದು ಚಿಕ್ಕದು ಚದುರಿರುತ್ತದೆ, ಎದುರುಬದುರು ಮುಖ ಕೂಡಿದರೆ 21.

ದಾಳ ಸರಿ ಇದೆಯಾ ಅಂತ ಅನುಮಾನವೇ? ಒಂದು ಲೋಟ ಬಿಸಿ ನೀರಿಗೆ ಕರಗುವಷ್ಟೂ ಉಪ್ಪು ಹಾಕಿ, ಆರಿದ ಮೇಲೆ ದಾಳ ಬಿಡಿ. ಪ್ಲಾಸ್ಟಿಕ್ಕಿನದು ಸಾಮಾನ್ಯವಾಗಿ ತೇಲುತ್ತದೆ. ಬೆರಳಲ್ಲಿ ತಿರುಗಿಸಿ ಬಿಡಿ, ಹತ್ತು ಸಲ. ಪ್ರತಿ ಸಲವೂ ಅದೇ ಅಂಕಿ ಮೇಲೆ ಬಂದರೆ ಒಳಗೆ ಗಾಳಿಗುಳ್ಳೆ ಇರಬಹುದು. ಇದೇನು ಪಕ್ಕಾ ಪರೀಕ್ಷೆ ಅಲ್ಲ. ಆದರೆ ‘ನನ್ನ ದಾಳಕ್ಕೆ ಶನಿ ಹಿಡಿದಿದೆ’ ಅನ್ನುವವರ ಬಾಯಿ ಮುಚ್ಚಿಸಲು ಸಾಕು. ಲೋಹದ ದಾಳ ಮುಳುಗುತ್ತದೆ, ಅದಕ್ಕೆ ಇದು ಆಗುವುದಿಲ್ಲ. ಮೇಜಿಗೂ ಅದು ಒಳ್ಳೆಯದಲ್ಲ, ನಮ್ಮ ಮೇಜಿನ ಮೇಲೆ ನಾಲ್ಕು ಗುಂಡಿ ಬಿದ್ದಿವೆ.

ಇಡುವುದು ಎಲ್ಲಿ? ಎಲ್ಲರ ಮನೆಯಲ್ಲೂ ಇರುವ ಸ್ಟೀಲಿನ ಒಗ್ಗರಣೆ ಡಬ್ಬಿ ನೋಡಿ. ಒಳಗೆ ಏಳು ಬಟ್ಟಲು. ಸೆಟ್ಟಿನಲ್ಲಿ ಏಳು ದಾಳ. ಇದು ನನಗೆ ಹೊಳೆದದ್ದು ಸಾಸಿವೆ ತೆಗೆಯುವಾಗ. ನಡುವಿನ ಬಟ್ಟಲಿಗೆ ಡಿ20, ಸುತ್ತ ಉಳಿದ ಆರು, ಒಂದೊಂದು ಬಟ್ಟಲಿನ ಅಂಚಿಗೂ ಅಂಕಿ ಬರೆದ ಸ್ಟಿಕ್ಕರ್. ನಾಲ್ಕು ಜನರ ದಾಳ ಒಟ್ಟಿಗೆ ಹಾಕಿದರೂ ಬೆರೆಯುವುದಿಲ್ಲ. ‘ಎಂಟು ಮುಖದ್ದು ಯಾವುದು?’ ಅಂತ ಹೊಸಬರು ಕೇಳುವುದು ಅವತ್ತಿಗೇ ನಿಂತಿತು. ಹೊಸ ಡಬ್ಬಿಯನ್ನೇ ತನ್ನಿ. ಹಳೆಯದು ಹಾಕಿದರೆ ಎಷ್ಟು ತೊಳೆದರೂ ಡಿ12ಕ್ಕೆ ಇಂಗಿನ ವಾಸನೆ.

ಸೋಫಾ ಕೆಳಗೆ ಹೋಗುವ ಸಮಸ್ಯೆಗೆ ಮಡಚುವ ತಟ್ಟೆ. ರೆಕ್ಸಿನ್ 10 ಇಂಚು ಉದ್ದ, 10 ಇಂಚು ಅಗಲ. ಅದೇ ಅಳತೆಯ ಫೆಲ್ಟ್ ಬಟ್ಟೆ ಮೇಲೆ ಅಂಟಿಸಿ, ಚಪ್ಪಲಿ ರಿಪೇರಿಯವರು ಹಾಕುವ ಗಮ್ ಚೆನ್ನಾಗಿ ಹಿಡಿಯುತ್ತದೆ. ಪ್ರತಿ ಮೂಲೆಯಿಂದ ಎರಡೂ ಅಂಚಿನ ಗುಂಟ ಒಂದೂವರೆ ಇಂಚು ದೂರಕ್ಕೆ ಗುರುತು ಹಾಕಿ. ಒಂದು ಗುರುತಿಗೆ ಟಿಚ್ ಬಟನ್ನಿನ ಗಂಡು, ಇನ್ನೊಂದಕ್ಕೆ ಹೆಣ್ಣು. ನಾಲ್ಕು ಮೂಲೆಗೆ ನಾಲ್ಕು ಜೋಡಿ. ಬಟನ್ ಒತ್ತಿದರೆ ಅಂಚು ಎದ್ದು ತಟ್ಟೆ ಆಗುತ್ತದೆ, ಬಿಚ್ಚಿದರೆ ಚಪ್ಪಟೆ ಆಗಿ ಪುಸ್ತಕದೊಳಗೆ ಕೂರುತ್ತದೆ. ಟೈಲರ್ ಹತ್ತಿರ ಕೊಟ್ಟರೆ ಬಟನ್ ಹಾಕುವುದು ಹತ್ತು ನಿಮಿಷದ ಕೆಲಸ. ಮೇಜಿನಿಂದ ಬಿದ್ದ ದಾಳ ಲೆಕ್ಕಕ್ಕಿಲ್ಲ ಅಂತ ಒಂದು ನಿಯಮವನ್ನೂ ಸೇರಿಸಿಕೊಳ್ಳಿ.

ಯಾರ ಸರದಿ ಅನ್ನುವುದಕ್ಕೆ

ಇದು ನನ್ನ ಹಾಳೆಯಲ್ಲಿ ಅತಿ ಹೆಚ್ಚು ಗೆರೆ ಬಿದ್ದಿದ್ದ ಜಾಗ. ಪರಿಹಾರ ಮಾತ್ರ ಅತಿ ಸುಲಭದ್ದು: ಬಟ್ಟೆ ಕ್ಲಿಪ್. ಒಂದೊಂದರ ಮೇಲೂ ಒಂದು ಪಾತ್ರದ ಹೆಸರು. ಕಾಳಗ ಶುರುವಾದಾಗ ಎಲ್ಲರೂ ಇನಿಶಿಯೇಟಿವ್, ಅಂದರೆ ಯಾರು ಮೊದಲು ಅನ್ನುವ ದಾಳ, ಉರುಳಿಸುತ್ತಾರೆ, ದೊಡ್ಡ ಅಂಕಿಯಿಂದ ಚಿಕ್ಕದಕ್ಕೆ ಕ್ಲಿಪ್‌ಗಳನ್ನು ಸಾಲಾಗಿ ಎದುರಿನ ಪರದೆಯ ಮೇಲಂಚಿಗೆ ಸಿಕ್ಕಿಸಿ. ಕ್ಲಿಪ್ಪಿನ ಎರಡೂ ಬದಿಗೆ ಹೆಸರು ಬರೆಯಿರಿ. ಒಂದು ಬದಿ ನಿಮಗೆ, ಇನ್ನೊಂದು ಅವರಿಗೆ. ಈಗ ಆಡುತ್ತಿರುವವರ ಕ್ಲಿಪ್ಪಿಗೆ ಒಂದು ಕೆಂಪು ರಬ್ಬರ್ ಬ್ಯಾಂಡ್. ಮುಂದಿನದು ತಮ್ಮದು ಅಂತ ಅವರಿಗೇ ಕಾಣುವುದರಿಂದ ಮೊಬೈಲ್ ಕೆಳಗಿಡುತ್ತಾರೆ.

ಪರದೆ ಅಂದೆನಲ್ಲ, ಅದು ಡಿ.ಎಂ. ಮುಂದೆ ನಿಲ್ಲಿಸುವ ರಟ್ಟಿನ ತಡಿಕೆ. ಅಂಗಡಿಯದು ಚೆನ್ನಾಗಿರುತ್ತದೆ, ಆದರೆ ಮನೆಯಲ್ಲಿ ಮಾಡಿದ್ದೇ ಕೆಲಸಕ್ಕೆ ಬರುತ್ತದೆ. ದಪ್ಪ ರಟ್ಟಿನ ನಾಲ್ಕು ತುಂಡು, ಎ4 ಅಳತೆ, ಅಡ್ಡಕ್ಕೆ ಇಟ್ಟು ಬಟ್ಟೆಯ ಟೇಪಿನಿಂದ ಸೇರಿಸಿ. ಅಡ್ಡಕ್ಕೆ ಯಾಕೆ ಅಂದರೆ ಎತ್ತರ 21 ಸೆಂ.ಮೀ. ಮಾತ್ರ ಆಗುತ್ತದೆ, ಆಟಗಾರರ ಮುಖ ಕಾಣುತ್ತದೆ. ಉದ್ದಕ್ಕೆ ನಿಲ್ಲಿಸಿದ ಪರದೆಯ ಹಿಂದೆ ಕೂತರೆ ರೈಲ್ವೆ ಕೌಂಟರ್‌ನಲ್ಲಿ ಕೂತ ಹಾಗೆ.

ಒಳಬದಿಗೆ ಏನು ಅಂಟಿಸಬೇಕು? ನೀವು ಪುಸ್ತಕ ತೆರೆದು ನೋಡಿದ್ದು ಮಾತ್ರ. ನನ್ನದರಲ್ಲಿ ಕಷ್ಟದ ಅಂಕಿಗಳಿವೆ, ಅಂದರೆ ಎಷ್ಟು ಬಂದರೆ ಕೆಲಸ ಆದಂತೆ ಅಂತ: ಸುಲಭ 10, ಮಧ್ಯಮ 15, ಕಷ್ಟ 20, ತುಂಬಾ ಕಷ್ಟ 25. ಅರ್ಧ ಮರೆಯಲ್ಲಿದ್ದರೆ ರಕ್ಷಣೆಗೆ 2 ಜಾಸ್ತಿ, ಮುಕ್ಕಾಲು ಮರೆಯಾದರೆ 5. ಬಿದ್ದವನು, ಕುರುಡಾದವನು, ವಿಷ ಏರಿದವನು, ಹೀಗೆ ಒಂದೊಂದು ಸ್ಥಿತಿಗೂ ಒಂದೊಂದು ಸಾಲು. ಮತ್ತೆ ಎಲ್ಲಕ್ಕಿಂತ ಮುಖ್ಯವಾದದ್ದು, ಇಪ್ಪತ್ತು ಹೆಸರು.

ಹೆಸರಿನ ಪಟ್ಟಿ ಸುಮ್ನೆ ಅಲ್ಲ. ಒಮ್ಮೆ ಪಾಶ್ಚಾತ್ಯ ಕಥೆಗಳ ಚೂಪುಕಿವಿಯ ಜನರಾದ ಎಲ್ಫ್‌ಗಳ ಊರಿನಲ್ಲಿ ಒಂದು ಛತ್ರಕ್ಕೆ ಹೋದರು. ಯಜಮಾನನ ಹೆಸರೇನು ಅಂತ ಕೇಳಿದರು. ನನ್ನ ಬಾಯಿಗೆ ಬಂದದ್ದು ‘ನಾಗರಾಜ’. ಆರು ತಿಂಗಳಾಯಿತು, ಆ ಎಲ್ಫ್ ನಾಗರಾಜನನ್ನು ಇನ್ನೂ ಬಿಟ್ಟಿಲ್ಲ.

ನಕ್ಷೆ

ಕಾಳಗದ ಜಾಗ ತೋರಿಸುವುದಕ್ಕೆ ಚೌಕ ಹಾಕಿದ ನಕ್ಷೆ, ಅದರ ಮೇಲೆ ಪಾತ್ರಗಳ ಬದಲಿಗೆ ಗೊಂಬೆ. ಐದನೇ ಆವೃತ್ತಿಯ ನಿಯಮದಲ್ಲಿ ಒಂದು ಚೌಕ ಅಂದರೆ 5 ಅಡಿ. ಮೇಜಿನ ಮೇಲೆ ಆ ಚೌಕ 1 ಇಂಚು. ಇದೊಂದು ಅಳತೆ ಕೆಟ್ಟರೆ ಉಳಿದ ಎಲ್ಲ ಸಾಮಾನೂ ಕೆಡುತ್ತದೆ. ನನಗೆ ಇದು ಗೊತ್ತಾದದ್ದು ಒಂದು ಬ್ಯಾನರ್ ಅಂಗಡಿಯಲ್ಲಿ.

ಕರ್ನಾಟಕದಲ್ಲಿ 2016ರಿಂದ ಫ್ಲೆಕ್ಸ್‌ಗೆ ನಿಷೇಧ ಇದೆ, ಬಟ್ಟೆ ಬ್ಯಾನರ್ ಮೇಲೆ ಹಾಕಿಸೋಣ ಅಂತ ಹೋದೆ. ಹುಡುಗ ಪೆನ್ ಡ್ರೈವ್ ಹಾಕಿ ಫೈಲ್ ತೆರೆದ. ಬರೀ ಚೌಕ. ಮೇಲೆ ಕೆಳಗೆ ಜರುಗಿಸಿ ನೋಡಿದ.

‘ಸಾರ್, ಫೋಟೋ ಎಲ್ಲಿ?’

‘ಫೋಟೋ ಇಲ್ಲ, ಇಷ್ಟೇ.’

‘ಬರ್ತ್‌ಡೇಗಾ, ಶ್ರದ್ಧಾಂಜಲಿಗಾ?’

‘ಆಟಕ್ಕೆ.’

‘ಹೆಸರಾದ್ರೂ ಹಾಕ್ಸಿ ಸಾರ್. ಖಾಲಿ ಖಾಲಿ ಕಾಣುತ್ತೆ.’

ಹೆಸರು ಬೇಡ ಅಂದೆ. ಮನೆಗೆ ತಂದು ಹಾಸಿದಾಗ ಗೊಂಬೆಗಳು ಒಂದರ ಕಾಲು ಇನ್ನೊಂದು ತುಳಿಯುತ್ತಿವೆ. ಟೇಪ್ ಹಿಡಿದರೆ 36 ಚೌಕಕ್ಕೆ 33 ಇಂಚು. ಬಟ್ಟೆಯ ಅಗಲಕ್ಕೆ ಕೂರಲಿ ಅಂತ ಅವನು ಸ್ವಲ್ಪ ಕುಗ್ಗಿಸಿದ್ದ. ಅವನ ತಪ್ಪೂ ಅಲ್ಲ ಬಿಡಿ. ಬ್ಯಾನರ್ ನೋಡುವುದು ರಸ್ತೆಯ ಆಚೆಯಿಂದ, ಇಂಚಿನ ಲೆಕ್ಕ ಯಾರು ಕೇಳುತ್ತಾರೆ.

ಇಂಚಿನ ಲೆಕ್ಕ ಕೇಳುವವರು ಮನೆ ಕಟ್ಟುವವರು. ಅದಕ್ಕೇ ಈಗ ನಾನು ಹೋಗುವುದು ಬಿಲ್ಡಿಂಗ್ ಪ್ಲಾನ್ ಪ್ರಿಂಟ್ ಮಾಡುವ ಜೆರಾಕ್ಸ್ ಅಂಗಡಿಗೆ. ಎಂಜಿನಿಯರ್‌ಗಳು ಸ್ಕೇಲ್ ಇಟ್ಟು ಅಳೆಯುತ್ತಾರೆ ಅಂತ ಅವರಿಗೆ ಗೊತ್ತು, ಅಳತೆ ಬದಲಾಯಿಸುವುದಿಲ್ಲ. ಹೀಗೆ ಮಾಡಿಸಿ:

ಎ1 ಹಾಳೆ 841 × 594 ಮಿ.ಮೀ., ಅಂದರೆ ಸುಮಾರು 33 × 23 ಇಂಚು. ಅಂಚು ಬಿಟ್ಟು 32 × 22 ಚೌಕ ಹಾಕಿ. ಆಟದ ಲೆಕ್ಕದಲ್ಲಿ 160 ಅಡಿಗೆ 110 ಅಡಿ ಆಯಿತು, ಒಂದು ಗುಹೆಗೆ ಧಾರಾಳ. ಗೆರೆ ಕಪ್ಪು ಬೇಡ, ತಿಳಿ ಬೂದು ಇರಲಿ. ಕಪ್ಪು ಗೆರೆಯ ಮೇಲೆ ನೀವು ಬರೆದ ಗೋಡೆ ಕಾಣುವುದಿಲ್ಲ. ಹಾಳೆಯ ಒಂದು ಅಂಚಿಗೆ ಸರಿಯಾಗಿ 10 ಇಂಚಿನ ಗೆರೆ ಎಳೆದು ‘10 ಇಂಚು’ ಅಂತ ಬರೆದಿಡಿ. ಪ್ರಿಂಟ್ ಕೊಡುವಾಗ ‘ಫಿಟ್ ಟು ಪೇಜ್’ ಬೇಡ, ‘ಆಕ್ಚುಯಲ್ ಸೈಜ್’ ಅಂತ ಹೇಳಿ. ದುಡ್ಡು ಕೊಡುವ ಮೊದಲು ಅಲ್ಲೇ ಸ್ಕೇಲ್ ಇಟ್ಟು ಆ ಗೆರೆ ಅಳೆಯಿರಿ.

ಮನೆಯ ಪ್ರಿಂಟರ್ ಆದರೆ ಎ4ರಲ್ಲಿ ಅಂಚು ಬಿಟ್ಟು 7 × 10 ಚೌಕ ಬರುತ್ತದೆ. ಆರು ಹಾಳೆ ಹಿಂದಿನಿಂದ ಸೆಲೋಟೇಪ್ ಹಾಕಿ ಸೇರಿಸಿ. ಒಂದೊಂದು ಹಾಳೆಯನ್ನು ಒಂದೊಂದು ಕೋಣೆ ಮಾಡಿ, ಬಾಗಿಲು ತೆರೆದಾಗ ಆ ಹಾಳೆ ತಂದಿಡುವುದು ಇನ್ನೂ ಚೆಂದ.

ಹಾಳೆಯ ಮೇಲೆ ಊಟದ ಮೇಜಿಗೆ ಹಾಸುವ ಪಾರದರ್ಶಕ ಪ್ಲಾಸ್ಟಿಕ್ ಶೀಟ್. ಇಲ್ಲಿ ಪೆನ್ನಿನ ವಿಷಯದಲ್ಲಿ ಹುಷಾರು. ವೈಟ್‌ಬೋರ್ಡ್ ಮಾರ್ಕರ್ ಗಾಜಿನ ಮೇಲೆ, ಗಟ್ಟಿ ಲ್ಯಾಮಿನೇಷನ್ ಮೇಲೆ ಚೆನ್ನಾಗಿ ಅಳಿಸುತ್ತದೆ. ಮೆತ್ತನೆ ಪ್ಲಾಸ್ಟಿಕ್ ಮೇಲೆ ಮುಂದಿನ ಶನಿವಾರದವರೆಗೆ ಬಿಟ್ಟರೆ ಕಲೆ ಕೂತುಬಿಡುತ್ತದೆ. ಅದಕ್ಕೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುವ ಪೆನ್ ತನ್ನಿ. ತಂದ ದಿನವೇ ಮೂಲೆಯಲ್ಲಿ ಒಂದು ಚುಕ್ಕಿ ಇಟ್ಟು, ರಾತ್ರಿ ಬಿಟ್ಟು, ಬೆಳಗ್ಗೆ ಒರೆಸಿ ನೋಡಿ. ಯಾರಾದರೂ ಅವಸರದಲ್ಲಿ ಪರ್ಮನೆಂಟ್ ಮಾರ್ಕರ್ ಎತ್ತಿಕೊಂಡರೆ, ಎತ್ತಿಕೊಳ್ಳುತ್ತಾರೆ, ಸ್ಯಾನಿಟೈಸರ್ ಹಾಕಿ ಉಜ್ಜಿ. ಗಾಜು, ಬೋರ್ಡ್ ಮೇಲಾದರೆ ಅದರ ಮೇಲೇ ವೈಟ್‌ಬೋರ್ಡ್ ಮಾರ್ಕರ್ ಎಳೆದು ತಕ್ಷಣ ಒರೆಸಿದರೂ ಬರುತ್ತದೆ.

ಮುಟ್ಟುತ್ತಾ, ಇಲ್ವಾ?

ಚೌಕ ಎಣಿಸುವುದು ನಿಧಾನ. ಎರಡೆರಡು ಸಲ ಎಣಿಸುತ್ತಾರೆ, ಆಮೇಲೆ ಜಗಳ. ಇದಕ್ಕೆ ಬೇಕಾದ ಸಾಮಾನೆಲ್ಲ ನಿಮ್ಮ ಮನೆಯಲ್ಲೇ ಇದೆ, ಆಟದ್ದು ಅಂತ ಹೆಸರು ಮಾತ್ರ ಇಲ್ಲ.

ಕಂಪಾಸ್ ಬಾಕ್ಸಿನ 6 ಇಂಚಿನ ಸ್ಕೇಲ್ ತೆಗೆಯಿರಿ. ಸಾಮಾನ್ಯ ಮನುಷ್ಯನ ನಡಿಗೆ ಒಂದು ಸರದಿಗೆ 30 ಅಡಿ, ಅಂದರೆ 6 ಚೌಕ, ಅಂದರೆ ಆ ಸ್ಕೇಲ್ ಪೂರ್ತಿ. ಓಡಿದರೆ 60 ಅಡಿ, ಒಂದು ಅಡಿಯ ಸ್ಕೇಲ್. ಆಟಗಾರರಿಗೆ ಒಬ್ಬೊಬ್ಬರಿಗೆ ಒಂದು ಸ್ಕೇಲ್ ಕೊಟ್ಟ ಮೇಲೆ ನನ್ನನ್ನು ಕೇಳುವುದನ್ನೇ ಬಿಟ್ಟರು.

ಬಿಲ್ಲು ಬಾಣಕ್ಕೆ ಟೈಲರ್ ಟೇಪ್. 60 ಇಂಚು ಇರುತ್ತದೆ, 300 ಅಡಿ ಅಳೆಯಬಹುದು.

ಫೈರ್‌ಬಾಲ್ ಮಂತ್ರಕ್ಕೆ ಸುತ್ತ 20 ಅಡಿ. ಅಡ್ಡಗಲ 40 ಅಡಿ, ಮೇಜಿನ ಮೇಲೆ 8 ಇಂಚು. ಕಸೂತಿ ಹಾಕುವ ಮರದ ರಿಂಗ್ 8 ಇಂಚಿನದು ಸಿಗುತ್ತದೆ. ಅದನ್ನು ನಕ್ಷೆಯ ಮೇಲಿಡಿ, ಒಳಗಿದ್ದವರೆಲ್ಲ ಸುಟ್ಟರು. ವಾದವೇ ಇಲ್ಲ. 6 ಇಂಚಿನ ರಿಂಗ್ ಡಾರ್ಕ್‌ನೆಸ್ ಮಂತ್ರಕ್ಕೆ, ಅದು ಸುತ್ತ 15 ಅಡಿ. ರಿಂಗಿಗೆ ಕೆಂಪು, ಕಪ್ಪು ದಾರ ಸುತ್ತಿದರೆ ಯಾವುದು ಯಾವುದಕ್ಕೆ ಅಂತ ಗೊತ್ತಾಗುತ್ತದೆ. ನಡುವೆ ಖಾಲಿ ಇರುವುದರಿಂದ ಗೊಂಬೆ ಎತ್ತಬೇಕಾಗಿಲ್ಲ, ಅದೇ ಇದರ ಗುಣ. ರಟ್ಟಿನ ವೃತ್ತ ಕತ್ತರಿಸಿದ್ದೆ ಮೊದಲು, ಇಡುವಾಗಲೆಲ್ಲ ಹತ್ತು ಗೊಂಬೆ ಎತ್ತಿ ಮತ್ತೆ ಎಲ್ಲಿತ್ತು ಅಂತ ಹುಡುಕಬೇಕಿತ್ತು.

ಬೆಂಕಿ ಉಗುಳುವ ಮಂತ್ರಗಳಿಗೆ ತ್ರಿಕೋನ. ನಿಯಮ ಸುಲಭ: ಬಾಯಿಂದ ಎಷ್ಟು ದೂರವೋ ಅಲ್ಲಿ ಅಷ್ಟೇ ಅಗಲ. 15 ಅಡಿಯದಕ್ಕೆ 3 ಇಂಚು ಎತ್ತರ, 3 ಇಂಚು ತಳ. ದಪ್ಪ ತಂತಿ ಬಗ್ಗಿಸಿ ಮಾಡಿ. ಲೈಟ್ನಿಂಗ್ ಬೋಲ್ಟ್‌ಗೆ 20 ಇಂಚು ಉದ್ದ, 1 ಇಂಚು ಅಗಲದ ಒಂದು ರಿಬ್ಬನ್.

ಗೊಂಬೆ

ಮಿನಿಯೇಚರ್ ಗೊಂಬೆ ಮಾರುವ ಕಂಪನಿಗಳು ಬೇಕಾದಷ್ಟಿವೆ. 3ಡಿ ಪ್ರಿಂಟ್ ಮಾಡಿಸುವವರೂ ಇದ್ದಾರೆ, ಚಿಕ್ಕ ಗೊಂಬೆಯ ಮುಖ ಮೂಗು ಕಾಣಬೇಕಾದರೆ ರೆಸಿನ್ ಪ್ರಿಂಟೇ ಬೇಕು. ಬಣ್ಣ ಹಚ್ಚುವ ಹುಚ್ಚು ಇದ್ದವರು ಆ ದಾರಿ ಹಿಡಿಯಲಿ. ನನ್ನ ಕೈಲಿ ಆಗಲಿಲ್ಲ.

ಕಾಗದದ ಗೊಂಬೆ ಸಾಕು ಅಂತ ನನ್ನ ಅಭಿಪ್ರಾಯ. ಒಂದು ಚಿತ್ರ ನೇರ, ಅದರ ಮೇಲೆ ಅದೇ ಚಿತ್ರ ತಲೆಕೆಳಗು. ನಡುವೆ ಮಡಚಿ ಅಂಟಿಸಿದರೆ ಎರಡೂ ಬದಿಯಿಂದ ಕಾಣುತ್ತದೆ. ಎತ್ತರ ಸುಮಾರು ಒಂದೂಕಾಲು ಇಂಚು. ತಳಕ್ಕೆ 25 ಮಿ.ಮೀ. ರಟ್ಟಿನ ಬಿಲ್ಲೆ ಬೇಕು. 2011ರ ಸರಣಿಯ ರೂಪಾಯಿ ಚಿಹ್ನೆಯ 2 ರೂಪಾಯಿ ನಾಣ್ಯ (2019ರ ಸರಣಿಯದಲ್ಲ, ಅದು ಚಿಕ್ಕದು) ಸರಿಯಾಗಿ 25 ಮಿ.ಮೀ., ಅದನ್ನಿಟ್ಟು ಸುತ್ತ ಗೆರೆ ಎಳೆಯಿರಿ. ಫ್ಯಾನ್ ಗಾಳಿಗೆ ಹಾರುತ್ತದೆ ಅನ್ನುವವರು ಹಾರ್ಡ್‌ವೇರ್ ಅಂಗಡಿಯಲ್ಲಿ 12 ಎಂ.ಎಂ. ಬೋಲ್ಟಿನ ವಾಷರ್ ಕೇಳಿ. ಹೊರಗಿನ ಅಳತೆ 24 ಮಿ.ಮೀ., ಬಿಲ್ಲೆಯ ಅಡಿಗೆ ಅಂಟಿಸಿದರೆ ಅಲುಗುವುದಿಲ್ಲ. ದೊಡ್ಡ ಪ್ರಾಣಿಗೆ 2 ಇಂಚಿನ ತಳ, ಅದಕ್ಕಿಂತ ದೊಡ್ಡದಕ್ಕೆ 3, ದೊಡ್ಡ ಡ್ರ್ಯಾಗನ್‌ಗೆ 4.

ರಾಕ್ಷಸರಿಗೆ ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ಪ್ರಾಣಿಗಳ ಪೊಟ್ಟಣ. ಇದು ಬಡವರ ಉಪಾಯ ಅಂದುಕೊಳ್ಳಬೇಡಿ, ಆಟದ ಮೂಲವೇ ಇದು. 1970ರ ದಶಕದಲ್ಲಿ ಗೈಗ್ಯಾಕ್ಸ್ ಅಂಗಡಿಯೊಂದರಲ್ಲಿ ಹಾಂಗ್‌ಕಾಂಗ್‌ನ ಅಗ್ಗದ ಪ್ಲಾಸ್ಟಿಕ್ ಗೊಂಬೆ ಕೊಂಡಿದ್ದರು. ಯಾವ ಪ್ರಾಣಿ ಅಂತ ಯಾರಿಗೂ ಹೇಳಲಾಗದ ವಿಚಿತ್ರ ಆಕಾರಗಳು. ಇವತ್ತಿಗೂ ಹೆಸರುವಾಸಿಯಾದ ಔಲ್‌ಬೇರ್, ಬುಲೆಟ್, ರಸ್ಟ್ ಮಾನ್‌ಸ್ಟರ್ ಮೂರೂ ಆ ಗೊಂಬೆಗಳನ್ನು ನೋಡಿ ಹುಟ್ಟಿದವು. ಹಾಗಾಗಿ ಜಾತ್ರೆಯಲ್ಲಿ ಎರಡು ತಲೆಯ ಹಸಿರು ಮೊಸಳೆ ಕಂಡರೆ ಬಿಡಬೇಡಿ. ದಸರಾ ಗೊಂಬೆಗಳಲ್ಲೂ ಒಳ್ಳೊಳ್ಳೆ ರಾಕ್ಷಸರಿರುತ್ತಾರೆ, ಆದರೆ ಅಮ್ಮನನ್ನು ಕೇಳದೆ ಪೆಟ್ಟಿಗೆ ಮುಟ್ಟಬೇಡಿ.

ಇನ್ನೊಂದು ಸಣ್ಣ ವಸ್ತು. ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದಾಗ ಕುತ್ತಿಗೆಯಲ್ಲಿ ಒಂದು ಉಂಗುರ ಉಳಿಯುತ್ತದಲ್ಲ, ಅದನ್ನು ತೆಗೆದಿಡಿ. ಗೊಂಬೆಯ ತಲೆಯ ಮೇಲಿಂದ ಹಾಕಿದರೆ ಕಾಲ ಬಳಿ ಕೂರುತ್ತದೆ. ಹಸಿರು ಉಂಗುರ ವಿಷ, ನೀಲಿ ಉಂಗುರ ಭಯ, ಬಿಳಿ ಉಂಗುರ ನೆಲಕ್ಕೆ ಬಿದ್ದಿದ್ದಾನೆ ಅಂತ. ಯಾರಿಗೆ ಏನಾಗಿದೆ ಅಂತ ಕೇಳಬೇಕಾಗಿಲ್ಲ.

ಗುಹೆ, ಗೋಡೆ, ಸೇತುವೆ ಕಟ್ಟುವವರಿಗೆ ಒಂದೇ ಎಚ್ಚರಿಕೆ. ಥರ್ಮಾಕೋಲ್ ಮೇಲೆ ನೇರವಾಗಿ ಸ್ಪ್ರೇ ಪೇಂಟ್ ಹೊಡೆಯಬೇಡಿ, ಕರಗಿಹೋಗುತ್ತದೆ. ಮೊದಲು ಫೆವಿಕಾಲ್‌ಗೆ ಪೋಸ್ಟರ್ ಕಲರ್ ಕಲಸಿ ಒಂದು ಪದರ ಬಳಿದು ಒಣಗಿಸಿ.

ಮಂತ್ರದ ಲೆಕ್ಕಕ್ಕೆ ಅಳಗುಳಿಮಣೆ

ನಾನು ಮಾಡಿದ್ದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು.

ಮಂತ್ರವಾದಿಗಳಿಗೆ ದಿನಕ್ಕೆ ಇಂತಿಷ್ಟೇ ಮಂತ್ರ. ಐದನೇ ಹಂತದ ವಿಝರ್ಡ್‌ಗೆ ಒಂದನೇ ದರ್ಜೆಯದು 4, ಎರಡನೆಯದು 3, ಮೂರನೆಯದು 2. ಬಳಸಿದ್ದನ್ನು ಪೆನ್ಸಿಲ್ಲಲ್ಲಿ ಹೊಡೆದುಹಾಕುತ್ತಾರೆ, ಮಲಗಿ ಎದ್ದರೆ ಅಳಿಸುತ್ತಾರೆ, ನಾಲ್ಕು ವಾರದಲ್ಲಿ ಹಾಳೆ ತೂತು. ಒಂದು ಸಂಜೆ ವಿಝರ್ಡ್ ಆಡುವ ಗೆಳತಿ ಲೆಕ್ಕ ತಪ್ಪಿ ತಲೆ ಮೇಲೆ ಕೈ ಇಟ್ಟುಕೊಂಡಿದ್ದಳು. ನನ್ನ ಅಜ್ಜಿಯ ಅಳಗುಳಿಮಣೆ ಶೋಕೇಸಿನಲ್ಲಿ ಸುಮ್ಮನೆ ಕೂತಿತ್ತು. ಕರಾವಳಿಯವರು ಚೆನ್ನೆಮಣೆ ಅನ್ನುತ್ತಾರಲ್ಲ, ಅದೇ. ಎರಡು ಸಾಲು, ಸಾಲಿಗೆ ಏಳು ಗುಂಡಿ. ತೆಗೆದು ಅವಳ ಮುಂದಿಟ್ಟೆ.

ಮೇಲಿನ ಸಾಲು ಇರುವುದು, ಕೆಳಗಿನ ಸಾಲು ಖರ್ಚಾದದ್ದು. ಎಡಗಡೆಯ ಮೊದಲ ಗುಂಡಿಗೆ 4 ಹುಣಸೆ ಬೀಜ, ಎರಡನೆಯದಕ್ಕೆ 3, ಮೂರನೆಯದಕ್ಕೆ 2. ಮಂತ್ರ ಹೇಳಿದಾಗ ಒಂದು ಬೀಜ ಮೇಲಿನಿಂದ ಕೆಳಗೆ. ರಾತ್ರಿ ಮಲಗಿ ಎದ್ದರೆ ಕೆಳಗಿನದೆಲ್ಲ ಮೇಲಕ್ಕೆ. ಎಷ್ಟು ಉಳಿದಿದೆ ಅಂತ ಮೇಜಿನ ಆ ತುದಿಯಿಂದ ನನಗೂ ಕಾಣುತ್ತದೆ. ಬೀಜ ಕೆಳಗೆ ಬೀಳುವ ಸದ್ದು ಕೇಳಿದರೆ ಉಳಿದವರೆಲ್ಲ ಒಮ್ಮೆ ಆ ಕಡೆ ನೋಡುತ್ತಾರೆ.

ಏಳು ಗುಂಡಿ ಹದಿನಾಲ್ಕನೇ ಹಂತದವರೆಗೆ ಸಾಕು. ಎಂಟನೇ ದರ್ಜೆಯ ಮಂತ್ರ ಬರುವುದು ಹದಿನೈದಕ್ಕೆ. ಅಲ್ಲಿಯವರೆಗೆ ಹೋಗುವ ಗುಂಪು ಕಡಿಮೆ, ಅಷ್ಟರಲ್ಲಿ ಯಾರಿಗಾದರೂ ಬೇರೆ ಊರಿಗೆ ವರ್ಗ ಆಗಿರುತ್ತದೆ. ಗುಲಗಂಜಿ ಚೆಂದ ಕಾಣುತ್ತದೆ, ಆದರೆ ಅದರ ಒಳಗೆ ವಿಷ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ಹುಣಸೆ ಬೀಜ, ಕವಡೆ ಯಾವುದಾದರೂ ಆದೀತು.

ಇದರ ಜೊತೆಗೆ ಒಂದು ದೊಡ್ಡ ಗಾಜಿನ ಗೋಲಿ. ಕೆಲವು ಮಂತ್ರ ನಡೆಯುತ್ತಿರುವಾಗ ಗಮನ ಬಿಡುವ ಹಾಗಿಲ್ಲ, ಅದಕ್ಕೆ ಕಾನ್ಸಂಟ್ರೇಷನ್ ಅನ್ನುತ್ತಾರೆ. ಅಂಥದ್ದು ಒಂದು ಹೊತ್ತಿಗೆ ಒಂದೇ. ಗೋಲಿಯನ್ನು ಮುಂದಿಟ್ಟುಕೊಳ್ಳಬೇಕು. ಏಟು ಬಿದ್ದಾಗ ಎದುರಿಗೆ ಗೋಲಿ ಕಂಡರೆ ದಾಳ ಹಾಕುವುದು ನೆನಪಾಗುತ್ತದೆ: 10 ಅಥವಾ ಏಟಿನ ಅರ್ಧ, ಯಾವುದು ದೊಡ್ಡದೋ ಅಷ್ಟು ಬರಬೇಕು. ಬರದಿದ್ದರೆ ಗೋಲಿ ನನಗೆ. ಈ ಗೋಲಿ ಕಿತ್ತುಕೊಳ್ಳುವ ಸುಖ ಡಿ.ಎಂ. ಆದವರಿಗೇ ಗೊತ್ತು.

ಮಂತ್ರ ಏನು ಮಾಡುತ್ತದೆ ಅನ್ನುವುದಕ್ಕೆ ಕಾರ್ಡ್. 63 × 88 ಮಿ.ಮೀ. ಇದ್ದರೆ ಅಂಗಡಿಯ ಪ್ಲಾಸ್ಟಿಕ್ ಕವರ್‌ಗೆ ಕೂರುತ್ತದೆ, ಎ4ಗೆ ಒಂಬತ್ತು ಬರುತ್ತವೆ. ಪೂರ್ತಿ ನಿಯಮ ಬರೆಯಬೇಡಿ. ದೂರ, ಎಷ್ಟು ಹೊತ್ತು, ಯಾವ ದಾಳ, ಗೋಲಿ ಬೇಕಾ ಬೇಡವಾ. ಅಷ್ಟೇ. ಕನ್ನಡದಲ್ಲಿ ಬರೆದ ಮೇಲೆ ನಮ್ಮ ಮೇಜಿನಲ್ಲಿ ಓದುವುದು ಬೇಗ ಆಯಿತು.

ಹಳೇ ಪತ್ರ

ಕಥೆಯಲ್ಲಿ ಒಂದು ಪತ್ರ ಸಿಕ್ಕರೆ ಕೈಗೇ ಕೊಡಿ. ಫಿಲ್ಟರ್‌ನಲ್ಲಿ ಎರಡನೇ ಸಲ ಇಳಿಸಿದ ತೆಳು ಡಿಕಾಕ್ಷನ್ ತಟ್ಟೆಗೆ ಹಾಕಿ, ಹಾಳೆ ಐದು ನಿಮಿಷ ನೆನೆಸಿ, ಬಿಸಿಲಿಗೆ ಒಣಗಿಸಿ. ಮೊದಲು ನೆನೆಸಬೇಕು, ಆಮೇಲೆ ಬರೆಯಬೇಕು. ಇಂಕ್‌ಜೆಟ್ ಪ್ರಿಂಟ್ ತೆಗೆದು ನೆನೆಸಿದರೆ ಅಕ್ಷರವೆಲ್ಲ ಹರಡಿಹೋಗುತ್ತದೆ.

ಗುಟ್ಟಿನ ಲಿಪಿಗೆ ಸುಮ್ಮನೆ ಏನೋ ಗೀಚಬೇಡಿ. ಬ್ರಾಹ್ಮಿ ಇದೆಯಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿರುವ ಅಶೋಕನ ಶಾಸನದ ಲಿಪಿ. ನಮ್ಮ ಲಿಪಿ ಅದರಿಂದಲೇ ಬಂದದ್ದು, ವರ್ಣಮಾಲೆಯ ಕ್ರಮವೂ ಅದೇ, ಹಾಗಾಗಿ ಕನ್ನಡವನ್ನು ಅದರಲ್ಲಿ ಬರೆಯುವುದು ಸಲೀಸು. ಕ ಅಂದರೆ ಕೂಡಿಸುವ ಚಿಹ್ನೆ, ಠ ಅಂದರೆ ಬರೀ ಸೊನ್ನೆ. ಯಾವ ಅಕ್ಷರಕ್ಕೆ ಯಾವ ಗುರುತು ಅನ್ನುವ ಪಟ್ಟಿಯನ್ನು ಅರ್ಧ ಸುಟ್ಟ ಹಾಳೆಯ ಹಾಗೆ ಮಾಡಿ ಒಂದು ಕಡೆ ಬಚ್ಚಿಡಿ, ಪತ್ರ ಇನ್ನೊಂದು ಕಡೆ. ನಮ್ಮವರು ಚುಕ್ಕಿ ಇರುವ ಸೊನ್ನೆ ನೋಡಿ ಅದೇ ಠ ಅಂದುಕೊಂಡರು. ಬ್ರಾಹ್ಮಿಯಲ್ಲಿ ಅದು ಥ. ಆ ಒಂದು ಅಕ್ಷರಕ್ಕೆ ಮುಕ್ಕಾಲು ಗಂಟೆ ಹೋಯಿತು. ಆಟ ನಿಂತಿತ್ತು ನಿಜ, ಆದರೆ ಈ ಸಲ ನಾನು ಗೆರೆ ಎಳೆಯಲಿಲ್ಲ.

ಮಾರುವ ಯೋಚನೆ ಇದ್ದರೆ

ಇಷ್ಟೆಲ್ಲ ಮಾಡಿದ ಮೇಲೆ ‘ಇದನ್ನ ಮಾರಬಹುದಲ್ವಾ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಮಾರಬಹುದು. ಕಾನೂನಿನ ಒಂದು ವಿಷಯ ಮಾತ್ರ ಮೊದಲೇ ತಿಳಿದಿರಲಿ.

ಐದನೇ ಆವೃತ್ತಿಯ ಮೂಲ ನಿಯಮಗಳ ಒಂದು ದಾಖಲೆ ಇದೆ, ಎಸ್.ಆರ್.ಡಿ. ಅನ್ನುತ್ತಾರೆ. ಜನವರಿ 2023ರಲ್ಲಿ ಆಟದ ಕಂಪನಿಯವರು ಅದರ 5.1 ಆವೃತ್ತಿಯನ್ನು ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ, ಅಂದರೆ ಮೂಲದ ಹೆಸರು ಹೇಳಿ ಯಾರು ಬೇಕಾದರೂ ಬಳಸುವ ಹಾಗೆ, ಬಿಟ್ಟರು. ಹಳೆಯ ಪರವಾನಗಿಯನ್ನು ಬದಲಾಯಿಸಲು ಹೊರಟಾಗ ಆಟಗಾರರು ರೊಚ್ಚಿಗೆದ್ದದ್ದರ ಫಲ ಅದು. ಹೊಸ ನಿಯಮಗಳ 5.2 ಕೂಡ 2025ರಲ್ಲಿ ಅದೇ ರೀತಿ ಬಂತು. ಅದರಲ್ಲಿರುವ ಮಂತ್ರ, ಪ್ರಾಣಿ, ನಿಯಮಗಳನ್ನು ಕನ್ನಡಕ್ಕೆ ತರಬಹುದು, ಕಾರ್ಡ್ ಮಾಡಬಹುದು, ಮಾರಬಹುದು. ಮೂಲ ಯಾರದ್ದು ಅಂತ ಅವರು ಕೊಟ್ಟಿರುವ ಸಾಲನ್ನು ಪೆಟ್ಟಿಗೆಯ ಮೇಲೆ ಹಾಕಬೇಕು. ಬಿಹೋಲ್ಡರ್, ಮೈಂಡ್ ಫ್ಲೇಯರ್‌ನಂಥ ರಾಕ್ಷಸರನ್ನು ಆ ದಾಖಲೆಯ ಪ್ರಾಣಿಗಳ ಸಾಲಿನಲ್ಲಿ ಸೇರಿಸಿಲ್ಲ, ಅವನ್ನು ಮುಟ್ಟಬೇಡಿ. ಆಟದ ಲೋಗೋ ಅಂತೂ ಬೇಡವೇ ಬೇಡ.

ಏನು ಮಾಡಿದರೆ ಚೆನ್ನ? ದಾಳದ ಗೋಪುರ ಮಾಡುವವರು ಸಾವಿರ ಜನ ಇದ್ದಾರೆ. ಕನ್ನಡದ ಮಂತ್ರ ಕಾರ್ಡ್, ದಾರ ಸುತ್ತಿದ ರಿಂಗ್‌ಗಳ ಸೆಟ್, ಕನ್ನಡ ಅಕ್ಷರಕ್ಕೆ ಬ್ರಾಹ್ಮಿ ಗುರುತು ತೋರಿಸುವ ಚಕ್ರ, ಇವುಗಳಿಗೆ ಜಾಗ ಇದೆ ಅಂತ ನನಗನ್ನಿಸುತ್ತದೆ. ಮಾಡಿದ್ದನ್ನು ನಿಮ್ಮ ಗುಂಪಿನಲ್ಲಿ ಪರೀಕ್ಷಿಸಬೇಡಿ, ಅವರಿಗೆ ನಿಮ್ಮ ಮೇಲೆ ಪ್ರೀತಿ ಇರುತ್ತದೆ. ಬೇರೆ ಗುಂಪಿಗೆ ಕೊಟ್ಟು ಏನೂ ವಿವರಿಸದೆ ಪಕ್ಕದಲ್ಲಿ ಕೂತು ನೋಡಿ. ಎರಡನೇ ವಾರವೂ ಅವರಾಗಿಯೇ ಪೆಟ್ಟಿಗೆಯಿಂದ ತೆಗೆದರೆ ಮಾರಿ.

ನನ್ನದು ಒಂಬತ್ತು ಗುಂಡಿಯ ಮಡಚುವ ಮಣೆ. ಮಂತ್ರಗಳಿಗೆ ಒಂಬತ್ತು ದರ್ಜೆ ಇವೆಯಲ್ಲ, ಎರಡು ಸಾಲು, ಮಡಚಿದರೆ ಬೀಜ ಒಳಗೇ ಉಳಿಯಬೇಕು. ಹೋದ ವಾರ ಬಡಗಿಯ ಹತ್ತಿರ ಹೋಗಿದ್ದೆ. ಒಂಬತ್ತು ಅಂದಿದ್ದಕ್ಕೆ ಅವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ‘ಅಳಗುಳಿಮಣೇಲಿ ಏಳೇ ಇರೋದು ಸಾರ್. ಯಾರೋ ನಿಮಗೆ ತಪ್ಪು ಹೇಳಿದಾರೆ.’ ವಿವರಿಸಲು ಬಾಯಿ ತೆರೆದೆ. ವಿಝರ್ಡ್ ಅಂದರೇನು ಅನ್ನುವುದರಿಂದ ಶುರು ಮಾಡಬೇಕಾಗುತ್ತದೆ ಅನ್ನಿಸಿ, ಕಾಗದದ ಮೇಲೆ ಅಳತೆ ಬರೆದು, ‘ಒಂಬತ್ತೇ ಇರಲಿ’ ಅಂತ ಹೇಳಿ ಅಡ್ವಾನ್ಸ್ ಕೊಟ್ಟು ಬಂದೆ.